ವಿಮಾನ ಇಳಿದ ಊರಲ್ಲಿ ರೈತನ ಪಾಲೆಷ್ಟು?

(ನೆಲಮಂಗಲ–ಕುಣಿಗಲ್ ರಸ್ತೆ ಬದಿಯ ಗ್ರಾಮವೊಂದರಲ್ಲಿ ನಡೆದ ರೈತರ ಸಭೆಯಲ್ಲಿ ಆಡಿದ ಮಾತು. ಸಭೆಗೆ ಬರಲಾಗದ ಓದುಗರಿಗಾಗಿ ಬರೆದು ಕೊಟ್ಟಿದ್ದೇನೆ.)



ನಿಮ್ಮ ಕಡೆ ಅರಳಿಕಟ್ಟೆಗಳ ಮೇಲೆ ಈಗ ರಾಗಿ ಬೆಲೆ, ಹಾಲಿನ ಬೆಲೆ ಯಾರೂ ಮಾತಾಡ್ತಾ ಇಲ್ಲ. ಮಾತೆಲ್ಲ ವಿಮಾನ ನಿಲ್ದಾಣದ್ದೇ. ಬೆಂಗಳೂರಿಗೆ ಎರಡನೇ ನಿಲ್ದಾಣ ಬೇಕೆಂದು ಸರ್ಕಾರ ಮೂರು ಜಾಗ ಗುರುತು ಮಾಡಿತು. ಕನಕಪುರ ರಸ್ತೆಯಲ್ಲಿ ಎರಡು, ನಿಮ್ಮ ಕುಣಿಗಲ್ ರಸ್ತೆಯಲ್ಲಿ ಒಂದು. 2025ರ ಏಪ್ರಿಲ್‌ನಲ್ಲಿ ದಿಲ್ಲಿಯಿಂದ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿಕೊಂಡು ಹೋಯಿತು. ಆ ತಂಡದ ಹಿಂದೆಯೇ ದಲ್ಲಾಳಿಗಳ ಕಾರುಗಳು ಬಂದವು ಅಂತ ನಿಮ್ಮ ಹಿರಿಯರೊಬ್ಬರು ಹೇಳಿದರು. ಬರದೆ ಇರ್ತಾರಾ? ಮಳೆ ಬರುವ ಮೊದಲೇ ಗೆದ್ದಲಿಗೆ ರೆಕ್ಕೆ ಬರುತ್ತದೆ.

ನನ್ನನ್ನು ಯಾಕೆ ಕರೆದಿರಿ ಅನ್ನೋದು ನನಗೆ ಗೊತ್ತು. ನಾನು ವಿದ್ವಾಂಸನಲ್ಲ. ಹಳ್ಳಿಯ ಹೈಸ್ಕೂಲಿನಲ್ಲಿ ಹತ್ತನೇ ಇಯತ್ತೆ ಮುಗಿಸಿ ನೇಗಿಲು ಹಿಡಿದವನು. ಆದರೆ ನಾನು ದೇವನಹಳ್ಳಿ ಕಡೆಯವನು. 2008ರ ಮೇ 24ರಂದು ನಮ್ಮ ಕಡೆ ವಿಮಾನ ಇಳಿಯಲು ಶುರುವಾಯಿತು. ನಿಮಗೆ ನಾಳೆ ಆಗಬಹುದಾದದ್ದು ನಮಗೆ ನಿನ್ನೆಯೇ ಆಗಿ ಹೋಗಿದೆ. ಅದರ ಲೆಕ್ಕ ಒಪ್ಪಿಸುವುದಕ್ಕೆ ಬಂದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ವಿಮಾನವೇ ಬೇಡ, ಪ್ರವಾಸಿಗರೇ ಬರಬೇಡಿ ಅನ್ನುವವನು ನಾನಲ್ಲ. ಸುಳ್ಳು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ನಿಜ ಏನೆಂದರೆ, ವಿಮಾನ ಬಂದ ಕಡೆ ದುಡ್ಡು ಬರುತ್ತದೆ. 2024-25ನೇ ಸಾಲಿನಲ್ಲಿ ನಮ್ಮ ದೇವನಹಳ್ಳಿ ನಿಲ್ದಾಣದಲ್ಲಿ ಹತ್ತಿ ಇಳಿದ ಪ್ರಯಾಣಿಕರ ಸಂಖ್ಯೆ 4 ಕೋಟಿ ದಾಟಿತು. ಅಷ್ಟು ಜನ ಬಂದುಹೋದರೆ ಟ್ಯಾಕ್ಸಿ ಓಡುತ್ತದೆ, ಹೋಟೆಲು ಏಳುತ್ತದೆ, ರಸ್ತೆ ಅಗಲವಾಗುತ್ತದೆ. ಕಾವಲು ಕೆಲಸ, ಗುಡಿಸುವ ಕೆಲಸ, ಸಾಮಾನು ಹೊರುವ ಕೆಲಸ ನಮ್ಮ ಹುಡುಗರಿಗೂ ಹುಡುಗಿಯರಿಗೂ ಸಿಕ್ಕಿದೆ. ಇದನ್ನು ಇಲ್ಲ ಅಂದರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ.

ಆದರೆ ಪ್ರದೇಶ ಬೆಳೆಯಿತು ಅನ್ನೋದು ಒಂದು ಲೆಕ್ಕ, ಪ್ರದೇಶದ ರೈತ ಬೆಳೆದ ಅನ್ನೋದು ಇನ್ನೊಂದು ಲೆಕ್ಕ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದು ನಮ್ಮ ಕಣ್ಣಿಗೆ ಮಣ್ಣು ಹಾಕ್ತಾರೆ. ವಿಮಾನದ ದುಡ್ಡು ಹಳ್ಳಿಗೆ ಬರುವುದು ಮೂರು ದಾರಿಯಲ್ಲಿ: ಒಂದು ನೆಲ, ಎರಡು ಪ್ರವಾಸಿಯ ಖರ್ಚು, ಮೂರು ವಿಮಾನದಲ್ಲಿ ಹೋಗುವ ಮಾಲು. ಒಂದೊಂದಾಗಿ ನೋಡೋಣ.

ನೆಲದ ದಾರಿ

ದೇವನಹಳ್ಳಿ ನಿಲ್ದಾಣ ಕೂತಿರುವುದು ಸುಮಾರು 4 ಸಾವಿರ ಎಕರೆಯಲ್ಲಿ. ಅದರ ಸುತ್ತ ಬಡಾವಣೆ, ಗೋದಾಮು, ಹೋಟೆಲು, ಕಾರ್ಖಾನೆಗೆ ಹೋದ ನೆಲ ಬೇರೆ.

ನನ್ನ ಅಕ್ಕನ ಗಂಡ, ನಮ್ಮ ಭಾವ, 2006ರಲ್ಲಿ 2 ಎಕರೆ 10 ಗುಂಟೆ ಮಾರಿದರು. ಎಕರೆಗೆ 18 ಲಕ್ಷ. ಅಷ್ಟು ದುಡ್ಡನ್ನು ನಮ್ಮ ವಂಶದಲ್ಲಿ ಯಾರೂ ಕಂಡಿರಲಿಲ್ಲ. ಅದೇ ನೆಲ ದಲ್ಲಾಳಿಯ ಕೈಯಿಂದ ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ ಹೋಗಿ, ವಿಮಾನ ಇಳಿಯುವ ಹೊತ್ತಿಗೆ ಎಕರೆಗೆ 60 ಲಕ್ಷ ಆಗಿತ್ತು. ಉತ್ತು ಬಿತ್ತದವನು ಎರಡು ವರ್ಷದಲ್ಲಿ 42 ಲಕ್ಷದ ಬೆಳೆ ತೆಗೆದ. ಮೂರು ತಲೆಮಾರು ಉತ್ತವನಿಗೆ 18. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಆ 18 ಲಕ್ಷದ ಕಥೆಯೂ ಕೇಳಿ. ಮೊದಲು ಸೊಸೈಟಿ ಸಾಲ, ಕೈಸಾಲ ತೀರಿತು. ಒಳ್ಳೇದೇ ಆಯ್ತು. ಆಮೇಲೆ ಮಗಳ ಮದುವೆ. ಆಮೇಲೆ ತಾರಸಿ ಮನೆ. ಅಣ್ಣತಮ್ಮಂದಿರ ಪಾಲು ಕೊಟ್ಟು, ಕೋರ್ಟು ಖರ್ಚು ಕೊಟ್ಟು, ಉಳಿದದ್ದರಲ್ಲಿ ಮಗ ಕಾರು ತಗೊಂಡ. ಏಳೆಂಟು ವರ್ಷದಲ್ಲಿ ಬ್ಯಾಂಕಿನ ಪುಸ್ತಕ ಖಾಲಿ. ಈಗ ಮಗ ಸಾಲದ ಮೇಲೆ ಟ್ಯಾಕ್ಸಿ ಓಡಿಸ್ತಾನೆ. ತಿಂಗಳ ಕಂತು ಕಟ್ಟದಿದ್ದರೆ ಗಾಡಿ ಎಳೆದುಕೊಂಡು ಹೋಗ್ತಾರೆ. ನಮ್ಮ ಭಾವ ನನ್ನ ಮನೆಯಿಂದ ರಾಗಿ ಕೊಂಡು ತಿನ್ತಾರೆ. ಸಾಲ ತೀರಿಸಲು ನೆಲ ಮಾರಿದ ಮನೆಗೆ ಮತ್ತೆ ಸಾಲ ಬಂದು ಕೂತಿದೆ. ಮೊದಲಿನ ಸಾಲಕ್ಕೆ ಆಧಾರವಾಗಿ ಪಹಣಿ ಇತ್ತು. ಈಗಿನ ಸಾಲಕ್ಕೆ ಹುಡುಗನ ರೆಟ್ಟೆ ಒಂದೇ ಆಧಾರ.

ನಮ್ಮ ಭಾವ ಕುಡುಕರಲ್ಲ, ದುಂದುಗಾರರಲ್ಲ. ಇದು ಅವರ ತಪ್ಪು ಅಂತ ನಗಬೇಡಿ. ನೆಲ ವರ್ಷಾವರ್ಷ ಕೊಡುತ್ತದೆ, ದುಡ್ಡು ಒಂದೇ ಸಲ ಬರುತ್ತದೆ. ವರ್ಷಾವರ್ಷ ಬರುವುದನ್ನು ಒಂದೇ ಸಲ ಬರುವುದಕ್ಕೆ ಬದಲಾಯಿಸಿಕೊಂಡವನು ಯಾರೇ ಆಗಲಿ, ಹತ್ತು ವರ್ಷದಲ್ಲಿ ಕೈಯೊಡ್ಡುವವನೇ.

ಈಗ ಕಾನೂನಿನ ಮಾತು. 2013ರ ಭೂಸ್ವಾಧೀನ ಕಾಯ್ದೆ 2014ರ ಜನವರಿ 1ರಿಂದ ಜಾರಿಗೆ ಬಂತು. ಖಾಸಗಿ ಕಂಪನಿಗೆ ನೆಲ ಬೇಕಾದರೆ ನೂರಕ್ಕೆ 80 ಮಂದಿ, ಸರ್ಕಾರ–ಖಾಸಗಿ ಪಾಲುದಾರಿಕೆಗೆ ಬೇಕಾದರೆ ನೂರಕ್ಕೆ 70 ಮಂದಿ ಒಪ್ಪಬೇಕು ಎಂದು ಅದು ಹೇಳುತ್ತದೆ. ತಗೊಂಡ ನೆಲವನ್ನು ಅಭಿವೃದ್ಧಿ ಮಾಡದೆ ಐದು ವರ್ಷದೊಳಗೆ ಇನ್ನೊಬ್ಬನಿಗೆ ಹೆಚ್ಚು ಬೆಲೆಗೆ ದಾಟಿಸಿದರೆ, ಏರಿದ ಬೆಲೆಯಲ್ಲಿ ನೂರಕ್ಕೆ 40 ಪಾಲು ಮೂಲ ರೈತನಿಗೆ ಸೇರಬೇಕು ಅನ್ನುವ ಮಾತೂ ಅದರಲ್ಲಿದೆ. ಕೇಳೋದಕ್ಕೆ ಚೆನ್ನಾಗಿದೆ. ಆದರೆ ನಮ್ಮ ರಾಜ್ಯದಲ್ಲಿ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ ಅನ್ನುವ ಇನ್ನೊಂದು ಬಾಗಿಲಿದೆ. ಆ ಬಾಗಿಲಿನಲ್ಲಿ ಬಂದರೆ ನೂರಕ್ಕೆ 70, 80 ಒಪ್ಪಿಗೆಯ ಷರತ್ತು ಇಲ್ಲ. ಹಾಗಾಗಿ ನಿಮ್ಮ ಊರಿಗೆ ನೋಟೀಸು ಬಂದ ದಿನ ಮೊದಲು ನೋಡಬೇಕಾದದ್ದು ಪರಿಹಾರದ ಮೊತ್ತವನ್ನಲ್ಲ. ಯಾವ ಕಾಯ್ದೆಯ ಕೆಳಗೆ ಬಂದಿದೆ ಅನ್ನೋದನ್ನು ನೋಡಿ.

ಪ್ರವಾಸಿಯ ದಾರಿ

ಎರಡನೆಯದು, ಪ್ರವಾಸಿ ಬಂದು ಬಿಚ್ಚುವ ದುಡ್ಡು. ಮಂತ್ರಿಗಳು ಭಾಷಣದಲ್ಲಿ ಹೇಳುವುದು ಇದನ್ನೇ: ಪ್ರವಾಸಿ ಉಣ್ಣುತ್ತಾನೆ, ಉಣ್ಣುವುದನ್ನು ಬೆಳೆಯುವವನು ರೈತ, ಆದ್ದರಿಂದ ದುಡ್ಡು ರೈತನಿಗೆ ಬರುತ್ತದೆ. ಈ ಮಾತು ನಂಬಿ ನಾನೇ ಒಂದು ಕೈ ನೋಡಿದೆ.

2017ರಲ್ಲಿ ಒಂದು ಎಕರೆಯಲ್ಲಿ ಬೀನ್ಸು, ಅರ್ಧ ಎಕರೆ ಟೊಮ್ಯಾಟೊ ಇಟ್ಟಿದ್ದೆ. ಹೆದ್ದಾರಿಯ ದೊಡ್ಡ ಹೋಟೆಲೊಂದು ನನ್ನ ಹೊಲದಿಂದ ಆರು ಕಿಲೋಮೀಟರು. ನೇರವಾಗಿ ಅಲ್ಲೇ ಕೊಡೋಣ ಅಂತ ಹೋದೆ. ಖರೀದಿ ನೋಡುವ ಹುಡುಗ ಮರ್ಯಾದೆಯಿಂದಲೇ ಕೂರಿಸಿ ಮಾತಾಡಿದ. ದಿನಾ ತರಬೇಕು, ವರ್ಷವೆಲ್ಲ ತರಬೇಕು, ಒಂದೇ ಗಾತ್ರ ಇರಬೇಕು, ಬಿಲ್ಲು ಕೊಡಬೇಕು, ದುಡ್ಡು ಮಾತ್ರ 60 ದಿನ ಆದ ಮೇಲೆ ಅಂದ. ಔಷಧಿ ಅಂಗಡಿಯವನು ನನಗೆ 60 ದಿನ ಬಿಡ್ತಾನಾ? ಕೂಲಿಯವರು ಶನಿವಾರ ಬಂದರೆ ಇನ್ನೆರಡು ತಿಂಗಳು ಬಿಟ್ಟು ಬನ್ನಿ ಅನ್ನಲಿಕ್ಕಾಗುತ್ತಾ? ಮಾಮೂಲಿನ ಹಾಗೆ ಕ್ರೇಟು ಹೊತ್ತು ಮಂಡಿಗೇ ಹಾಕಿದೆ. ಅವತ್ತು ಟೊಮ್ಯಾಟೊ ಕಿಲೋಗೆ 8 ರೂಪಾಯಿ, ಅದರಲ್ಲೇ ಕಮಿಷನ್ನು, ಅದರಲ್ಲೇ ಬಾಡಿಗೆ. ಅಲ್ಲಿಂದ ಅದು ಬೆಂಗಳೂರಿಗೆ ಹೋಗಿ, ಗುತ್ತಿಗೆದಾರನ ಕೈಗೆ ಸೇರಿ, ತಿರುಗಿ ನಮ್ಮದೇ ರಸ್ತೆಯಲ್ಲಿ ಬಂದು ಅದೇ ಹೋಟೆಲಿನ ಅಡುಗೆಮನೆ ಹೊಕ್ಕಿದ್ದರೂ ಆಶ್ಚರ್ಯವಿಲ್ಲ.

ತಪ್ಪು ಆ ಹುಡುಗನದಲ್ಲ. ಅವನಿಗೆ ಬೇಕಾದದ್ದು ನೂರು ರೈತರ ಮಾಲನ್ನು ವಿಂಗಡಿಸಿ, ಬಿಲ್ಲು ಬರೆದು, 60 ದಿನ ದುಡ್ಡಿಗೆ ಕಾಯುವ ತಾಕತ್ತಿರುವ ಒಂದು ಸಂಘ. ಆ ಸಂಘ ನಮ್ಮಲ್ಲಿರಲಿಲ್ಲ. ಗುತ್ತಿಗೆದಾರನಲ್ಲಿ ಆ ತಾಕತ್ತು ಇತ್ತು, ಲಾಭ ಅವನಿಗೆ ಹೋಯಿತು. ಪ್ರವಾಸಿಯ ದುಡ್ಡು ಹೊಲದ ಬದುವಿನವರೆಗೆ ಬರುತ್ತದೆ, ಹೊಲದೊಳಗೆ ಇಳಿಯುವುದಿಲ್ಲ. ಬದು ಒಡೆದು ನೀರು ತಿರುಗಿಸಿಕೊಳ್ಳುವ ಕೆಲಸ ನಮ್ಮದು. ಸರ್ಕಾರ ಮಾಡಿಕೊಡುತ್ತೆ ಅಂತ ಕೂತರೆ ಹೊಲ ಒಣಗುತ್ತದೆ.

ಚಕ್ಕೋತದ ವಿಷಯ ಹೇಳದೆ ಮುಂದೆ ಹೋಗಲಾರೆ. ದೇವನಹಳ್ಳಿ ಚಕ್ಕೋತ ಅಂದರೆ ಹೆಸರಾದ ಹಣ್ಣು. ಅದಕ್ಕೆ ಸರ್ಕಾರದ ಭೌಗೋಳಿಕ ಗುರುತಿನ ಮುದ್ರೆಯೂ ಇದೆ. ದೂರದಿಂದ ಬಂದ ಪ್ರವಾಸಿ ಊರಿನ ನೆನಪಿಗೆ ಕೊಂಡೊಯ್ಯಬಹುದಾದ ಮಾಲು ಅಂದರೆ ಇದೇ ತಾನೇ? ಕೊಳ್ಳುವವರು ಕೋಟಿಗಟ್ಟಲೆ ಬಂದರು. ಆದರೆ ನೆಲದ ಬೆಲೆ ಏರಿದ ಕೂಡಲೇ ತೋಟಗಳು ನಿವೇಶನಗಳಾದವು, ಮರಗಳು ಉರುಳಿದವು. ಗಿರಾಕಿ ಬಾಗಿಲಿಗೆ ಬಂದ ದಿನ ಅಂಗಡಿಯಲ್ಲಿ ಮಾಲಿಲ್ಲ.

ನೀರಿನ ಮಾತೂ ಇದೇ. ಹೋಟೆಲಿಗೆ, ಬಡಾವಣೆಗೆ ಟ್ಯಾಂಕರು ನೀರು ಬೇಕು. ರಾಗಿಗಿಂತ ನೀರು ಮಾರುವುದೇ ಲಾಭ ಅಂತ ಕೆಲವರು ಕೊಳವೆಬಾವಿಗೆ ಮೀಟರು ಇಟ್ಟರು. ಪಕ್ಕದ ಹೊಲದವನ ಬಾವಿ ಬತ್ತಿತು. ಅವನೂ ನೆಲ ಮಾರಿದ.

ಮಾಲಿನ ದಾರಿ

ಮೂರನೆಯದು, ವಿಮಾನದಲ್ಲಿ ಹೋಗುವ ಬೆಳೆ. ಇದರಲ್ಲಿ ನಮಗೆ ನಿಜವಾದ ಲಾಭ ಸ್ವಲ್ಪ ಆಗಿದೆ, ಒಪ್ಪಬೇಕು. ಬೇಗ ಕೆಡುವ ಸರಕಿನ ರಫ್ತಿನಲ್ಲಿ ನಮ್ಮ ನಿಲ್ದಾಣ ಹಲವು ವರ್ಷ ದೇಶಕ್ಕೇ ಮೊದಲು ಬಂದಿದೆ. ಗುಲಾಬಿ, ತರಕಾರಿ ಮುಂಜಾನೆ ಕೊಯ್ದರೆ ಮಾರನೆಯ ದಿನ ಕೊಲ್ಲಿ ದೇಶದ ಅಂಗಡಿಯಲ್ಲಿರುತ್ತದೆ. ಪಾಲಿಹೌಸ್ ಹಾಕಿದ ಕೆಲವರು ಮೇಲೆ ಬಂದಿದ್ದಾರೆ.

ಆದರೆ ಎರಡು ಮಾತು ನೆನಪಿಡಿ. ಒಂದು, ಎಲ್ಲ ಬೆಳೆಯೂ ವಿಮಾನ ಹತ್ತುವುದಿಲ್ಲ. ಕಲಬುರಗಿಯಲ್ಲಿ 2019ರ ನವೆಂಬರಿನಲ್ಲಿ ನಿಲ್ದಾಣ ಶುರುವಾಯಿತು. ಒಳ್ಳೇದು, ಆ ಭಾಗದ ಜನರಿಗೂ ಅನುಕೂಲ ಬೇಕು. ಆದರೆ ಅಲ್ಲಿನ ತೊಗರಿ ವಿಮಾನದಲ್ಲಿ ಹೋಗುತ್ತದೆಯೇ? ಶಿವಮೊಗ್ಗದ ನಿಲ್ದಾಣ 2023ರಲ್ಲಿ ತೆರೆಯಿತು. ಅಡಿಕೆ ಮೂಟೆ ವಿಮಾನ ಹತ್ತುತ್ತದೆಯೇ? ತೊಗರಿ, ಅಡಿಕೆ, ರಾಗಿ, ಜೋಳ ಲಾರಿಯಲ್ಲಿ, ರೈಲಿನಲ್ಲಿ ಹೋಗುವ ಮಾಲು. ಅವಕ್ಕೆ ಬೇಕಾದದ್ದು ಗೋದಾಮು, ಹೊಲದವರೆಗಿನ ರಸ್ತೆ, ಬೆಂಬಲ ಬೆಲೆಯಲ್ಲಿ ಸಕಾಲಕ್ಕೆ ಖರೀದಿ. ನಿಮ್ಮ ಹೊಲದಲ್ಲಿ ಏನಿದೆ ನೋಡಿಕೊಂಡು ಲೆಕ್ಕ ಹಾಕಿ.

ಎರಡು, ವಿಮಾನ ನಿಂತ ದಿನ ಏನಾಗುತ್ತದೆ ಅನ್ನೋದನ್ನು 2020ರಲ್ಲಿ ಕಂಡೆವು. ಮಾರ್ಚಿ ಕೊನೆಯಿಂದ ಎರಡು ತಿಂಗಳು ದೇಶದೊಳಗಿನ ವಿಮಾನ ನಿಂತವು. ಮದುವೆ ಇಲ್ಲ, ಜಾತ್ರೆ ಇಲ್ಲ, ರಫ್ತು ಕುಸಿಯಿತು. ಹೂವನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ತಿಪ್ಪೆಗೆ ಸುರಿದದ್ದು ನಾನು ಕಣ್ಣಾರೆ ಕಂಡಿದ್ದೇನೆ. ರಾಜ್ಯ ಸರ್ಕಾರ ಮೇ ತಿಂಗಳಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25 ಸಾವಿರ ರೂಪಾಯಿ ಪರಿಹಾರ ಘೋಷಿಸಿತು. ಪಾಲಿಹೌಸಿಗೆ ಬ್ಯಾಂಕಿನಿಂದ ಎತ್ತಿದ ಸಾಲ ಎಷ್ಟು ಲಕ್ಷ ಅನ್ನೋದು ಸಾಲ ಮಾಡಿದವರಿಗೆ ಗೊತ್ತು. ಪ್ರವಾಸಿಯನ್ನೂ ವಿಮಾನವನ್ನೂ ನಂಬಿದ ಬೇಸಾಯ ಒಂಟಿಕಾಲಿನದು. ಇನ್ನೊಂದು ಕಾಲಿಗೆ ಮನೆಗೆ ರಾಗಿ ಇರಲಿ, ಕೊಟ್ಟಿಗೆಯಲ್ಲಿ ಹಸು ಇರಲಿ.

ಯಾರ ದುಡ್ಡಿನಲ್ಲಿ ಹಾರಾಟ?

ಇದೆಲ್ಲ ಖಾಸಗಿಯವರ ಬಂಡವಾಳ, ನಮಗೇನು ಅನ್ನುವವರಿದ್ದಾರೆ. ಹಾಗಲ್ಲ ಸ್ವಾಮಿ. ಸಣ್ಣ ಊರಿಗೂ ವಿಮಾನ ಅಂತ ಕೇಂದ್ರ ಸರ್ಕಾರ 2016ರಲ್ಲಿ ಉಡಾನ್ ಯೋಜನೆ ತಂದಿತು. ನಷ್ಟವಾಗುವ ಮಾರ್ಗಗಳಲ್ಲಿ ಕಂಪನಿಗಳಿಗೆ ಹಣ ತುಂಬಿಕೊಡುತ್ತಾರೆ. ಅದರಲ್ಲಿ ರಾಜ್ಯಗಳ ಪಾಲೂ ಇದೆ. ಈ ಯೋಜನೆಯನ್ನು ಮಹಾಲೇಖಪಾಲರು 2023ರ ವರದಿಯಲ್ಲಿ ತೂಗಿ ನೋಡಿದ್ದಾರೆ. ಮೊದಲ ಮೂರು ಸುತ್ತಿನಲ್ಲಿ ಹಂಚಿದ ಮಾರ್ಗಗಳು 774. ಅದರಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷದ ರಿಯಾಯಿತಿ ಅವಧಿ ಪೂರೈಸಿದವು 112. ರಿಯಾಯಿತಿ ಮುಗಿದ ಮೇಲೂ 2023ರ ಮಾರ್ಚಿನಲ್ಲಿ ಹಾರುತ್ತಿದ್ದವು 54. ಬಿತ್ತಿದ್ದು 774, ಬೆಳೆ ಬಂದದ್ದು 54! ನಮ್ಮ ಹೊಲದಲ್ಲಿ ಹೀಗಾದರೆ ಬ್ಯಾಂಕಿನವರು ಟಾಮ್ ಟಾಮ್ ಹೊಡೆಸಿ ಹರಾಜು ಹಾಕ್ತಿದ್ದರು.

ತೆರಿಗೆಯದೂ ಕೇಳಿ. ಉಡಾನ್ ನಿಲ್ದಾಣದಲ್ಲಿ ತುಂಬಿಸುವ ವಿಮಾನದ ಎಣ್ಣೆಗೆ ರಾಜ್ಯದ ತೆರಿಗೆ ನೂರಕ್ಕೆ 1 ಮೀರಬಾರದು ಅಂತ ಷರತ್ತು. ನಮ್ಮ ಟ್ರ್ಯಾಕ್ಟರಿಗೆ ಹಾಕುವ ಡೀಸೆಲ್ ಮೇಲೆ ಕರ್ನಾಟಕ ಸರ್ಕಾರ 2025ರ ಏಪ್ರಿಲ್ 1ರಿಂದ ತೆರಿಗೆಯನ್ನು ನೂರಕ್ಕೆ 21.17ಕ್ಕೆ ಏರಿಸಿತು. ಮೇಲೆ ಹಾರುವವನಿಗೆ 1, ಕೆಳಗೆ ಉಳುವವನಿಗೆ 21. ರಿಯಾಯಿತಿ ಕೊಡಬೇಡಿ ಅಂತ ನಾನು ಹೇಳ್ತಿಲ್ಲ. ಪ್ರದೇಶದ ಬೆಳವಣಿಗೆಗೆ ರಿಯಾಯಿತಿ ಕೊಡುವುದೇ ಆದರೆ, ಪ್ರದೇಶಕ್ಕೆ ಅನ್ನ ಹಾಕುವವನನ್ನು ಯಾಕೆ ಮರೆತಿರಿ ಅಂತ ಕೇಳ್ತಾ ಇದ್ದೀನಿ.

ಪಾಲು ಕೇಳಬೇಕು

ಹಾಗಾದರೆ ಏನು ಮಾಡಬೇಕು? ನನ್ನ ಮಾತಿನ ತಿರುಳು ಇಷ್ಟೇ. ವಿಮಾನ ದುಡ್ಡು ತರುತ್ತದೆ, ಹಂಚುವುದಿಲ್ಲ. ದುಡ್ಡು ಬರುವ ದಿನ ಯಾರ ಹೆಸರಲ್ಲಿ ನೆಲ ಇದೆ, ಯಾರ ಕೈಲಿ ಶೇರು ಇದೆ, ಅವರಿಗೆ ಅದು ಸೇರುತ್ತದೆ. ಮೊದಲೇ ಮಾರಿ ಕೈತೊಳೆದುಕೊಂಡವನು ಬೇಲಿ ಆಚೆ ನಿಂತು ವಿಮಾನ ಎಣಿಸಬೇಕು.

ಆಗದ ಮಾತು ಆಡ್ತಾನೆ ಅನ್ನಬೇಡಿ. ಕೇರಳದ ಕೊಚ್ಚಿ ನಿಲ್ದಾಣ ನೋಡಿ. 1999ರಲ್ಲಿ ತೆರೆದ ಆ ನಿಲ್ದಾಣದಲ್ಲಿ ಸರ್ಕಾರದ ಜೊತೆ ಸಾವಿರಾರು ಸಾಮಾನ್ಯ ಜನ ಶೇರುದಾರರು. ಹೊರದೇಶಕ್ಕೆ ದುಡಿಯಲು ಹೋದ ಮಲಯಾಳಿಗಳು ಕೂಡಿಟ್ಟ ಹಣ ಅದರಲ್ಲಿದೆ. ಅವರಿಗೆ ಲಾಭಾಂಶ ಬರುತ್ತಿದೆ. ಕೊಲ್ಲಿ ದೇಶದಲ್ಲಿ ದುಡಿಯುವವನು ದುಡ್ಡು ಕೊಟ್ಟು ಶೇರುದಾರನಾಗಬಹುದಾದರೆ, ದುಡ್ಡಿಗಿಂತ ದೊಡ್ಡದಾದ ನೆಲ ಕೊಟ್ಟವನು ಯಾಕೆ ಆಗಬಾರದು? ಪುಣೆ ಹತ್ತಿರ ಮಗರಪಟ್ಟ ಅಂತ ಇದೆ. ಅಲ್ಲಿ ನೂರಿಪ್ಪತ್ತರಷ್ಟು ರೈತ ಕುಟುಂಬಗಳು ತಮ್ಮ 400 ಎಕರೆ ನೆಲವನ್ನು ಬಿಲ್ಡರನಿಗೆ ಮಾರದೆ, ಒಟ್ಟುಗೂಡಿಸಿ ತಾವೇ ಕಂಪನಿ ಕಟ್ಟಿ ನಗರ ಎಬ್ಬಿಸಿದರು. ನೆಲ ಇದ್ದಷ್ಟು ಶೇರು. ಒಡೆಯ ಒಡೆಯನಾಗಿಯೇ ಉಳಿದ.

ನಮ್ಮ ದೇವನಹಳ್ಳಿ ನಿಲ್ದಾಣದ ಕಂಪನಿಯಲ್ಲಿ ರಾಜ್ಯ ಸರ್ಕಾರದ ಸಂಸ್ಥೆಗೆ ನೂರಕ್ಕೆ 13, ಕೇಂದ್ರದ ಪ್ರಾಧಿಕಾರಕ್ಕೆ ನೂರಕ್ಕೆ 13 ಪಾಲಿದೆ. ನೆಲ ಕಳೆದುಕೊಂಡ ರೈತನ ಹೆಸರಿನಲ್ಲಿ ಒಂದು ಪಾಲು ಇಡಬೇಕೆಂದು ಅವತ್ತು ಕೇಳಲು ನಮಗೂ ಹೊಳೆಯಲಿಲ್ಲ. ನಾವು ಎಕರೆಗೆ ಎಷ್ಟು ಅನ್ನುವುದೊಂದನ್ನೇ ಕೇಳುತ್ತಾ ಕೂತೆವು. ಆ ತಪ್ಪನ್ನು ನೀವು ಮಾಡಬೇಡಿ.

ನಿಮಗೆ ಇನ್ನೂ ಸಮಯ ಇದೆ. ದೇವನಹಳ್ಳಿ ನಿಲ್ದಾಣದ ಒಪ್ಪಂದದ ಪ್ರಕಾರ, ಮೈಸೂರು ಮತ್ತು ಹಾಸನ ಬಿಟ್ಟರೆ, 150 ಕಿಲೋಮೀಟರಿನೊಳಗೆ 2033ರವರೆಗೆ ಇನ್ನೊಂದು ದೊಡ್ಡ ನಿಲ್ದಾಣ ತೆರೆಯುವಂತಿಲ್ಲ. ನಿಲ್ದಾಣ ನಿಮ್ಮಲ್ಲಿಗೇ ಬರುತ್ತದೋ, ಕನಕಪುರ ರಸ್ತೆಗೆ ಹೋಗುತ್ತದೋ, ಎಲ್ಲೂ ಬರುವುದಿಲ್ಲವೋ, ದಲ್ಲಾಳಿಗೆ ಗೊತ್ತಿರುವಷ್ಟೇ ನಿಮಗೂ ಗೊತ್ತು. ಅವನ ಅವಸರವನ್ನು ನಿಮ್ಮ ಅವಸರ ಮಾಡಿಕೊಳ್ಳಬೇಡಿ. ಈ ಸಮಯದಲ್ಲಿ ಮಾಡಬೇಕಾದ ಕೆಲಸ ಹೇಳ್ತೀನಿ, ಬರೆದುಕೊಳ್ಳಿ.

ಒಂದು, ಪಹಣಿ, ಖಾತೆ, ಪೋಡಿ ಸರಿಮಾಡಿಸಿ. ತಾತನ ಹೆಸರಲ್ಲೇ ಇರುವ ಪಹಣಿ ದಲ್ಲಾಳಿಗೆ ಹಬ್ಬ. ಅಣ್ಣತಮ್ಮಂದಿರು ಈಗಲೇ ಕೂತು ಪಾಲು ಬಗೆಹರಿಸಿಕೊಳ್ಳಿ. ಹೆಣ್ಣುಮಕ್ಕಳ ಪಾಲನ್ನೂ ಮರೆಯಬೇಡಿ, ಕಾನೂನು ಮರೆಯುವುದಿಲ್ಲ.

ಎರಡು, ಸಾಲಕ್ಕೆ ಹೆದರಿ ನೆಲ ಮಾರಬೇಡಿ. ಸೊಸೈಟಿ ಸಾಲ ಕಂತು ಮಾಡಿಸಿಕೊಳ್ಳಲು ಊರೆಲ್ಲ ಒಟ್ಟಿಗೆ ಹೋಗಿ ಕೇಳಿ. ಅಗ್ಗದ ನೆಲ ಬರುವುದು ಸಾಲ ಮಾಡಿದವನ ಮನೆಯಿಂದಲೇ ಅಂತ ದಲ್ಲಾಳಿಗೆ ಗೊತ್ತು.

ಮೂರು, ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ. ರೈತರ ಒಪ್ಪಿಗೆ ಇಲ್ಲದೆ ಒಂದು ಗುಂಟೆಯೂ ಹೋಗಬಾರದು. ಹೋಗುವುದಾದರೆ ಮಾರಾಟವಲ್ಲ, ಗುತ್ತಿಗೆ. ವರ್ಷಾವರ್ಷ ಬಾಡಿಗೆ, ಬೆಲೆ ಏರಿದಂತೆ ಬಾಡಿಗೆಯೂ ಏರಬೇಕು. ಇಲ್ಲವೇ ಕಂಪನಿಯಲ್ಲಿ ಶೇರು. ನೆಲವಿಲ್ಲದ ಕೂಲಿಯವರಿಗೂ ಅದರಲ್ಲಿ ಒಂದು ಪಾಲು. ನಾವು ನೆಲ ಮಾರಿದರೆ ಅವರಿಗೆ ಕೂಲಿಯೂ ಇಲ್ಲ, ಪರಿಹಾರವೂ ಇಲ್ಲ.

ನಾಲ್ಕು, ತರಕಾರಿ, ಹೂವು, ಹಾಲು ಬೆಳೆಯುವವರು ಈಗಲೇ ಸಂಘ ಕಟ್ಟಿ. ಮಾಲು ವಿಂಗಡಿಸಲು, ಬಿಲ್ಲು ಬರೆಯಲು, ದುಡ್ಡಿಗೆ ಕಾಯಲು ಕಲಿಯಿರಿ. ಬರುವ ಹೋಟೆಲುಗಳು ಇಂತಿಷ್ಟು ಮಾಲನ್ನು ಸ್ಥಳೀಯ ಸಂಘದಿಂದ ಕೊಳ್ಳಬೇಕು, ವಾರದೊಳಗೆ ಹಣ ಕೊಡಬೇಕು ಅನ್ನುವ ಷರತ್ತನ್ನು ಪರವಾನಗಿಯಲ್ಲೇ ಬರೆಸಲು ಸರ್ಕಾರವನ್ನು ಒತ್ತಾಯಿಸಿ. ಶೈತ್ಯಾಗಾರ ಸಂಘದ ಹೆಸರಲ್ಲಿರಲಿ, ರಫ್ತುದಾರನ ಹೆಸರಲ್ಲಲ್ಲ.

ಇದನ್ನೆಲ್ಲ ಸರ್ಕಾರ ಕೇಳುತ್ತದೆಯೇ ಅನ್ನುತ್ತೀರಿ. ನಮ್ಮ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳನ್ನು ನೋಡಿ. ವಿಮಾನದ ಬಿಡಿಭಾಗ ಮಾಡುವ ಕೈಗಾರಿಕೆಗೆ ಅಂತ 1,777 ಎಕರೆ ಬೇಕೆಂದರು. 2022ರ ಏಪ್ರಿಲ್ 4ರಂದು ರೈತರು ಧರಣಿ ಕೂತರು. ಬಿತ್ತನೆಗೆ ಹೋದವರು ಸಂಜೆ ಬಂದು ಕೂತರು, ಹೆಂಗಸರು ಹಾಲು ಕರೆದು ಬಂದು ಕೂತರು. ಪೊಲೀಸರು ಎಳೆದೊಯ್ದರೂ ಮತ್ತೆ ಬಂದು ಕೂತರು. 1,198 ದಿನ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಟ್ಟೆವು ಎಂದು ಹೇಳಬೇಕಾಯಿತು. ಸ್ವಂತ ಇಚ್ಛೆಯಿಂದ ಕೊಡುವವರು ಕೊಡಬಹುದು ಅಂತ ಬಾಗಿಲು ತೆರೆದಿಟ್ಟಿದ್ದಾರೆ, ಅದು ನಿಜ. ಆದರೆ ರೈತ ಒಲ್ಲೆ ಅಂದರೆ ಒಲ್ಲೆಯೇ ಅನ್ನೋದು ಅವತ್ತು ಗೊತ್ತಾಯಿತು.

ಆ ಜನ ಬೆಳವಣಿಗೆಯ ವಿರೋಧಿಗಳಲ್ಲ. ಅವರ ದ್ರಾಕ್ಷಿ, ಹೂವು, ರೇಷ್ಮೆ ನಗರಕ್ಕೇ ಹೋಗುತ್ತದೆ, ವಿಮಾನಕ್ಕೂ ಹೋಗುತ್ತದೆ. ನಮ್ಮ ಹೊಲವೂ ಬೆಳವಣಿಗೆಯೇ ಅಂತ ಅವರು ಹೇಳಿದರು, ಅಷ್ಟೇ.

ಬಂಧುಗಳೇ, ಇವತ್ತು ಸಭೆ ಮುಗಿಸಿ ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಪಹಣಿ ತೆಗೆದು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓದಿ. ಹೆಂಡತಿ ಕೇಳಲಿ, ಮಕ್ಕಳು ಕೇಳಲಿ. ನಾಳೆ ಕಾರಿನಲ್ಲಿ ಬರುವವನು ಎಕರೆಗೆ ಎಷ್ಟು ಬೇಕು ಅಂತ ಕೇಳ್ತಾನೆ. ನೀವು ತಿರುಗಿ ಅವನನ್ನೇ ಕೇಳಿ: ನಮಗೆ ಪಾಲೆಷ್ಟು, ಎಷ್ಟು ವರ್ಷ, ಯಾವ ಕಾಗದದಲ್ಲಿ? ಅದಕ್ಕೆ ಉತ್ತರ ಬರುವವರೆಗೆ ನೇಗಿಲು ನಿಲ್ಲಿಸಬೇಡಿ.